ನಿಕೊದೇಮ ಕೇಳಿದ್ದು



ಸರ್ಕಾರ ಹಿಡಿದೊಯ್ದ ಒಬ್ಬ ಮನುಷ್ಯನ ಪರವಾಗಿ ನಾವು ದನಿಯೆತ್ತಬೇಕಾದರೆ, ಅವನು ತಪ್ಪು ಮಾಡಿಲ್ಲವೆಂದು ಮೊದಲು ನಮಗೆ ಖಚಿತವಾಗಬೇಕೇ? ಅವನು ಆಡಿದ ಮಾತೆಲ್ಲ ನಮಗೆ ಒಪ್ಪಿಗೆಯಾಗಬೇಕೇ? ಅವನು ನಮ್ಮವನೇ ಆಗಿರಬೇಕೇ? ಮಹಮೂದ್ ಖಲೀಲ್ ಎಂಬ ಪ್ಯಾಲೆಸ್ತೀನಿ ಯುವಕನ ಸುದ್ದಿ ಓದಿದಂದಿನಿಂದ ಈ ಪ್ರಶ್ನೆಗಳು ನಮ್ಮನ್ನು ಬಿಟ್ಟಿಲ್ಲ.

ಖಲೀಲ್ ಹುಟ್ಟಿದ್ದು ಸಿರಿಯಾದ ನಿರಾಶ್ರಿತರ ಶಿಬಿರದಲ್ಲಿ. ಓದಲು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 2024ರಲ್ಲಿ ಗಾಜಾ ಯುದ್ಧವನ್ನು ವಿರೋಧಿಸಿ ವಿದ್ಯಾರ್ಥಿಗಳು ಅಲ್ಲಿನ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಕೂತಾಗ, ಅವರ ಪರವಾಗಿ ಆಡಳಿತದವರ ಜೊತೆ ಮಾತುಕತೆಗೆ ಹೋಗುತ್ತಿದ್ದವರಲ್ಲಿ ಇವರೂ ಒಬ್ಬರು. ಅನೇಕರು ಮುಖ ಮುಚ್ಚಿಕೊಂಡಿದ್ದರು. ಇವರು ಮುಖ ತೋರಿಸಿ, ಹೆಸರು ಹೇಳಿಯೇ ಮಾತಾಡಿದರು. 2025ರ ಮಾರ್ಚ್ 8ರ ರಾತ್ರಿ ಇಫ್ತಾರ್ ಊಟ ಮುಗಿಸಿ, ಎಂಟು ತಿಂಗಳ ಗರ್ಭಿಣಿ ಹೆಂಡತಿಯೊಂದಿಗೆ ಮನೆಗೆ ಮರಳಿದಾಗ ಅಧಿಕಾರಿಗಳು ಅವರನ್ನು ಬಂಧಿಸಿದರು. ಹೆಂಡತಿ ಅಮೆರಿಕದ ಪ್ರಜೆ. ಇವರಿಗೂ ಅಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಇತ್ತು, ಅಂದರೆ ಗ್ರೀನ್ ಕಾರ್ಡ್. ಆದರೂ ಮನೆಯಿಂದ 1,500 ಕಿಲೋಮೀಟರಿಗೂ ಹೆಚ್ಚು ದೂರದ, ಲೂಸಿಯಾನಾ ರಾಜ್ಯದ ಜೀನಾ ಎಂಬ ಊರಿನ ಬಂಧನ ಕೇಂದ್ರಕ್ಕೆ ಅವರನ್ನು ಒಯ್ದರು.

ಅವರು ಮಾಡಿದ ಅಪರಾಧವೇನು? ಅವರ ಮೇಲೆ ಯಾವ ಕ್ರಿಮಿನಲ್ ಮೊಕದ್ದಮೆಯೂ ಇರಲಿಲ್ಲ. 1952ರ ವಲಸೆ ಕಾನೂನಿನ ಒಂದು ಕಲಮಿನ ಪ್ರಕಾರ, ಯಾರಾದರೂ ದೇಶದಲ್ಲಿರುವುದು ವಿದೇಶಾಂಗ ನೀತಿಗೆ ಕೇಡು ತರುತ್ತದೆಂದು ವಿದೇಶಾಂಗ ಸಚಿವರು ನಿರ್ಧರಿಸಿದರೆ ಅವರನ್ನು ಗಡೀಪಾರು ಮಾಡಬಹುದು. ಸಚಿವ ಮಾರ್ಕೊ ರೂಬಿಯೊ ಅವರ ಎರಡು ಪುಟದ ಟಿಪ್ಪಣಿ ನ್ಯಾಯಾಲಯಕ್ಕೆ ಬಂತು. ಒಬ್ಬನ ನಂಬಿಕೆ, ಮಾತು, ಒಡನಾಟಗಳು ಕಾನೂನುಬದ್ಧವೇ ಆಗಿದ್ದರೂ ಈ ಕಲಮನ್ನು ಬಳಸಬಹುದು ಎಂಬುದು ಅದರ ಸಾರ. ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಕೆಲವು ವಿಷಯ ಮುಚ್ಚಿಟ್ಟಿದ್ದಾರೆಂಬ ಆರೋಪವನ್ನು ಸರ್ಕಾರ ಆಮೇಲೆ ಸೇರಿಸಿತು. ಖಲೀಲ್ ಅದನ್ನು ಅಲ್ಲಗಳೆದರು. ಮೊದಲು ಬಂಧನ, ಆಮೇಲೆ ಆರೋಪ. ಈ ಅನುಕ್ರಮವನ್ನು ಓದುಗರು ಗಮನಿಸಬೇಕು.

ಇನ್ನೊಂದು ಪಕ್ಕದ ಮಾತನ್ನೂ ಹೇಳಬೇಕು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಕೊಲಂಬಿಯಾದ ಕೆಲವು ಯೆಹೂದಿ ವಿದ್ಯಾರ್ಥಿಗಳು, ಆ ಪ್ರತಿಭಟನೆಗಳ ನಡುವೆ ನಮಗೆ ಭಯವಾಗುತ್ತಿತ್ತು ಎಂದರು. ಅವರ ಭಯ ಸುಳ್ಳೆಂದು ಇಷ್ಟು ದೂರ ಕೂತ ನಾವು ಹೇಳುವುದು ತರವಲ್ಲ. ಯಾರಾದರೂ ಒಬ್ಬರನ್ನು ಬೆದರಿಸಿದ್ದರೆ, ಹೊಡೆದಿದ್ದರೆ, ಅದನ್ನು ವಿಚಾರಿಸಲು ಕಾನೂನಿದೆ. ಹಾಗೆ ವಿಚಾರಿಸಲಿ ಎಂದೇ ನಾವೂ ಹೇಳುವುದು.

ಇಲ್ಲಿ ನಿಕೊದೇಮನ ನೆನಪಾಗುತ್ತದೆ. ರಾತ್ರಿ ಹೊತ್ತು ಯೇಸುಸ್ವಾಮಿಯ ಬಳಿಗೆ ಬಂದವನು ಎಂದೇ ನಾವು ಅವನನ್ನು ಗುರುತಿಸುತ್ತೇವೆ. ಅದೇ ಯೊವಾನ್ನನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಅವನು ಹಾಡಹಗಲೇ ಮಾಡಿದ ಒಂದು ಕೆಲಸವಿದೆ; ಅದರ ಮೇಲೆ ಪ್ರಬೋಧನೆ ಕೇಳಿದ ನೆನಪು ನಮಗಿಲ್ಲ. ಯೇಸುವನ್ನು ಹಿಡಿದು ತರಲು ಹೋದ ಕಾವಲುಗಾರರು ಬರಿಗೈಲಿ ಬಂದಿದ್ದಾರೆ, ಮುಖ್ಯಯಾಜಕರು ಸಿಡಿಮಿಡಿಗೊಂಡಿದ್ದಾರೆ. ಆಗ ಅದೇ ಗುಂಪಿನವನಾದ ನಿಕೊದೇಮ ಎದ್ದು, ಒಬ್ಬನ ಮಾತನ್ನು ಕೇಳದೆ, ಅವನು ಮಾಡಿದ್ದೇನೆಂದು ತಿಳಿಯದೆ ತೀರ್ಪು ಕೊಡುವುದು ನಮ್ಮ ಧರ್ಮಶಾಸ್ತ್ರದಲ್ಲಿ ಉಂಟೇ ಎಂದು ಕೇಳುತ್ತಾನೆ. ಯೇಸುವೇ ಬರಬೇಕಾದ ಮೆಸ್ಸೀಯ ಎಂದು ಅವನು ಅಲ್ಲಿ ವಾದಿಸಲಿಲ್ಲ. ನಿರಪರಾಧಿ ಎಂದೂ ಹೇಳಲಿಲ್ಲ. ಕೇಳಿದ್ದು ವಿಚಾರಣೆಯನ್ನು, ಅಷ್ಟೆ. ಅಷ್ಟಕ್ಕೇ ಜೊತೆಗಾರರು ನೀನೂ ಗಲಿಲೇಯದವನೋ ಎಂದು ಮೂದಲಿಸಿದರು.

ಆ ಮೂದಲಿಕೆ ಇವತ್ತಿಗೂ ಹಳತಾಗಿಲ್ಲ. ಖಲೀಲ್ ಪರ ಮಾತಾಡಿದವರಿಗೆ ನೀವು ಹಮಾಸಿನವರೋ ಎಂದರು. ನಮ್ಮಲ್ಲಿ ಸ್ಟ್ಯಾನ್ ಸ್ವಾಮಿಯವರ ಪರ ಮಾತಾಡಿದವರಿಗೆ ನೀವು ನಕ್ಸಲರೋ ಎಂದದ್ದನ್ನು ನಾವೇ ಕಿವಿಯಾರೆ ಕೇಳಿದ್ದೇವೆ. 1975ರಿಂದ ಸುಮಾರು ಹತ್ತು ವರ್ಷ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ನಡೆಸಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದ ಆ ಯೇಸುಸಭೆಯ ಗುರುಗಳನ್ನು 2020ರ ಅಕ್ಟೋಬರ್ 8ರಂದು ಬಂಧಿಸಿದರು. ಆಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ಹೀರುಕೊಳವೆಯ ಲೋಟಕ್ಕಾಗಿ ನ್ಯಾಯಾಲಯವನ್ನು ಬೇಡಬೇಕಾಯಿತು. ವಿಚಾರಣೆ ಶುರುವಾಗುವ ಮೊದಲೇ, 2021ರ ಜುಲೈ 5ರಂದು, ತೀರಿಕೊಂಡರು. ಅವರಿಗಾಗಿ ಬೀದಿಗೆ ಬಂದವರಲ್ಲಿ ಎಷ್ಟೋ ಜನ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಇವರು ನಮ್ಮವರೇ ಎಂದು ಮೊದಲು ಕೇಳಿ ಆಮೇಲೆ ಬಂದವರೂ ಅಲ್ಲ.

ಗಡಿಯ ಈಚೆ, ಬೇರೆ ಭಾಷೆಗಳ ನಡುವೆ, ನಾವು ಅಲ್ಪಸಂಖ್ಯಾತರಲ್ಲೂ ಅಲ್ಪಸಂಖ್ಯಾತರು. ನಾಲ್ಕು ಮನೆಯವರು ತಲೆ ಬಗ್ಗಿಸಿ ಇದ್ದರೆ ಸಾಕು, ಊರ ಉಸಾಬರಿ ಯಾಕೆ ಎಂದು ಹಿರಿಯರು ಹೇಳುವುದುಂಟು. ಅದು ಹೇಡಿತನವಲ್ಲ, ಅನುಭವದ ಮಾತು. ಆದರೆ ನಮ್ಮವರ ಸರದಿ ಬಂದಾಗ ಹೊರಗಿನವರು ಮಾತಾಡಲಿ ಎಂದು ಬಯಸುವ ನಾವು, ಹೊರಗಿನವರ ಸರದಿಯಲ್ಲಿ ಬಾಯಿ ಮುಚ್ಚಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಈ ವಿಷಯದಲ್ಲಿ ನ್ಯೂಯಾರ್ಕಿನ ಯೆಹೂದಿಗಳನ್ನೇ ನೋಡಬೇಕು. ಖಲೀಲ್ ಸೆರೆಯಾಗಿ ಐದನೇ ದಿನ, ಮಾರ್ಚ್ 13ರಂದು, ‘ಜ್ಯೂಯಿಷ್ ವಾಯ್ಸ್ ಫಾರ್ ಪೀಸ್’ ಸಂಘಟನೆಯವರು ಟ್ರಂಪ್ ಟವರಿನ ಒಳಾಂಗಣದಲ್ಲಿ ಕೂತು ಅವರ ಬಿಡುಗಡೆಗೆ ಒತ್ತಾಯಿಸಿದರು. ಪೊಲೀಸರು 98 ಜನರನ್ನು ಹಿಡಿದರು. ಯೆಹೂದಿಗಳನ್ನು ಕಾಪಾಡಲೆಂದೇ ಬಂಧಿಸಿದ್ದೇವೆ ಎಂದು ಸರ್ಕಾರ ಹೇಳುತ್ತಿದ್ದಾಗ, ನಮ್ಮ ಹೆಸರಿನಲ್ಲಿ ಇದು ಬೇಡ ಎನ್ನಲು ಯೆಹೂದಿಗಳೇ ಬರಬೇಕಾಯಿತು. ಅವರ ಮನೆಗಳಲ್ಲೂ ಇದರಿಂದ ಜಗಳವಾಗಿರಬೇಕು ಎಂದು ನಮಗನಿಸುತ್ತದೆ.

2025ರ ಏಪ್ರಿಲ್ 21, ಪಾಸ್ಕ ಹಬ್ಬದ ಮರುದಿನ, ನಮಗೆ ಮರೆಯುವ ದಿನವಲ್ಲ. ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕೆ ಸಂಜೆ ಸಂಜೆ ಫೋನು ಮಾಡಿ, ಊಟವಾಯಿತೇ ಎಂದು ವಿಚಾರಿಸುತ್ತಿದ್ದ ವಿಶ್ವಗುರು ಫ್ರಾನ್ಸಿಸ್ ಅಂದು ತೀರಿಕೊಂಡರು. ಖಲೀಲರ ಮಗ ಹುಟ್ಟಿದ್ದೂ ಅದೇ ದಿನ. ಹೆರಿಗೆಯ ಹೊತ್ತಿಗೆ ಹೆಂಡತಿಯ ಬಳಿಯಿರಲು ತಂದೆ ಅನುಮತಿ ಕೇಳಿದ್ದರು, ಕೊಡಲಿಲ್ಲ. ಮಗು ಹುಟ್ಟಿದ್ದನ್ನು ಫೋನಿನಲ್ಲಿ ತಿಳಿದರು. ಎತ್ತಿಕೊಂಡದ್ದು ಮೇ 22ರಂದು, ನ್ಯಾಯಾಧೀಶರ ಆದೇಶವಾದ ಮೇಲೆ. 104 ದಿನಗಳ ನಂತರ, ಜೂನ್ 20ರಂದು, ಜಾಮೀನಿನ ಮೇಲೆ ಹೊರಗೆ ಬಂದರು. ಗಡೀಪಾರಿನ ಪ್ರಕರಣ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಮುಸ್ಲಿಮರೊಬ್ಬರ ಹೆಸರನ್ನು ನಮ್ಮ ಪ್ರಾರ್ಥನೆಯಲ್ಲಿ ಸೇರಿಸಬಹುದೇ ಎಂದು ಕೆಲವರು ಕೇಳಿದರು. ಶುಭ ಶುಕ್ರವಾರದ ದೀರ್ಘ ಬಿನ್ನಹಗಳನ್ನು ನೆನೆಯೋಣ. ಅಲ್ಲಿ ಯೆಹೂದಿಗಳಿಗಾಗಿ, ಕ್ರಿಸ್ತರನ್ನು ನಂಬದವರಿಗಾಗಿ, ಕೊನೆಗೆ ಸೆರೆಮನೆಗಳ ಬಾಗಿಲು ತೆರೆಯಲೆಂದು ಬೇಡುತ್ತೇವೆ. 2025ರ ಏಪ್ರಿಲ್ 18ರಂದು ಮಂಡಿಯೂರಿ ಹಾಗೆ ಬೇಡಿದಾಗ, ಖಲೀಲ್ ಜೀನಾದಲ್ಲಿದ್ದರು. ಹೆಸರು ಗೊತ್ತಿಲ್ಲದೆಯೇ ನಾವು ಅವರಿಗಾಗಿ ಪ್ರಾರ್ಥಿಸಿ ಆಗಿದೆ.

ಇಸ್ರೇಲಿನ ಸೆರೆಗಳಲ್ಲಿ ಸಾವಿರಾರು ಪ್ಯಾಲೆಸ್ತೀನಿಯರು ಆಡಳಿತಾತ್ಮಕ ಬಂಧನದಲ್ಲಿದ್ದಾರೆ. ಅವರಿಗೆ ಆರೋಪಪಟ್ಟಿಯಿಲ್ಲ, ಸಾಕ್ಷ್ಯವನ್ನು ತೋರಿಸುವುದಿಲ್ಲ, ಆರು ತಿಂಗಳ ಆದೇಶವನ್ನು ಮತ್ತೆ ಮತ್ತೆ ಮುಂದುವರಿಸಬಹುದು. ನಮ್ಮ ದೇಶದಲ್ಲೂ ಸೆರೆಯಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಕಾಣದ ವಿಚಾರಣಾಧೀನರು. ಬರುವ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಮೊದಲನೇ ಸ್ಥಳದಲ್ಲಿ, ಪಿಲಾತನು ತೀರ್ಪು ಕೊಡುವ ಕಡೆ, ಇವರಿಗಾಗಿ ಒಂದು ಬಿನ್ನಹ ಸೇರಿಸಬೇಕೆಂದು ನಮ್ಮ ಆಸೆ. ಇತರ ಭಾಷೆಗಳ ಬಳಗದವರನ್ನೂ ಕೇಳಿಕೊಳ್ಳೋಣ. ಕನ್ನಡದ ಬಿನ್ನಹವನ್ನು ಬರೆಯಲು ಮನಸ್ಸಿರುವವರು ಭಾನುವಾರದ ಬಲಿಪೂಜೆಯ ನಂತರ ಗುರುಮನೆಯ ಜಗಲಿಯಲ್ಲಿ ಸೇರಬೇಕಾಗಿ ವಿನಂತಿ.