ಎರಡು ಕಾರುಗಳ ನಡುವಿನ ಬೆಲೆ

ಹೊಸ ಕಾರು ಕೊಳ್ಳುವ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಒಂದು ಬಿಳಿ ಹಾಳೆ ಹೊರಬರುತ್ತದೆ. ನಡುವೆ ಒಂದು ಗೆರೆ. ಎಡಕ್ಕೆ ಒಂದು ಕಾರಿನ ಹೆಸರು, ಬಲಕ್ಕೆ ಇನ್ನೊಂದರದು. ಅದರ ಕೆಳಗೆ ಬೆಲೆ, ಮೈಲೇಜು, ಏರ್‌ಬ್ಯಾಗು, ಹಿಂದಿನ ಸೀಟಿನ ಜಾಗ, ನಾಳೆ ಮಾರಿದರೆ ಬರುವ ಹಣ. ಐದು ಲಕ್ಷದ ಕಾರಿಗೂ ಇದೇ ಲೆಕ್ಕ, ಐವತ್ತು ಲಕ್ಷದ ಕಾರಿಗೂ ಇದೇ ಲೆಕ್ಕ. ದುಡಿದ ಹಣವನ್ನು ಕೈಬಿಡುವ ಮುನ್ನ ಹೋಲಿಸಿ ನೋಡುವುದು ವಿವೇಕವೇ ಸರಿ. ಆದರೆ ಎರಡು ಐಷಾರಾಮಿ ಸೆಡಾನ್‌ಗಳನ್ನು ಅಕ್ಕಪಕ್ಕ ಇಟ್ಟು ತೂಗುವಾಗ ನಾವು ನಿಜಕ್ಕೂ ತೂಗುತ್ತಿರುವುದು ಏನನ್ನು?

ಈ ಪ್ರಶ್ನೆ ಕೇಳಲು ರಾಮನಗರ ಸೀಮೆಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇನ್ನೊಂದಿರಲಾರದು. ಇದೇ ತಾಲ್ಲೂಕಿನ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 1999ರ ಕೊನೆಯಲ್ಲಿ ಅಲ್ಲಿ ಕ್ವಾಲಿಸ್ ತಯಾರಿ ಶುರುವಾಯಿತು. 2013ರಿಂದ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಅಲ್ಲಿ ಜೋಡಿಸಲಾಯಿತು. 2020ರಲ್ಲಿ ಅದೇ ಕಂಪನಿಯ ಐಷಾರಾಮಿ ಬ್ರ್ಯಾಂಡಾದ ಲೆಕ್ಸಸ್‌ನ ಇಎಸ್ 300ಎಚ್ ಕಾರೂ ಅಲ್ಲೇ ತಯಾರಾಗತೊಡಗಿತು. ಆ ಹೊತ್ತಿನ ಎರಡು ಕಾರುಗಳನ್ನೂ ನಮ್ಮ ಹಾಳೆಯಲ್ಲಿ ಎದುರುಬದುರು ಬರೆದು ನೋಡೋಣ. ಎರಡಕ್ಕೂ ಎರಡೂವರೆ ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ವಿದ್ಯುತ್ ಮೋಟಾರು. ಎರಡರ ಶಕ್ತಿಯೂ ಹೆಚ್ಚುಕಡಿಮೆ 218 ಅಶ್ವಶಕ್ತಿ. ಎರಡರ ತಳಕಟ್ಟಿನ ವಿನ್ಯಾಸದ ಮೂಲವೂ ಒಂದೇ. ಲೆಕ್ಸಸ್ ಒಂಬತ್ತು ಸೆಂಟಿಮೀಟರ್ ಉದ್ದ. ಕ್ಯಾಮ್ರಿಯಲ್ಲಿ 9 ಏರ್‌ಬ್ಯಾಗು, ಲೆಕ್ಸಸ್‌ನಲ್ಲಿ 10. ಬೆಲೆ ಮಾತ್ರ ಬೇರೆ. 2019ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಕ್ಯಾಮ್ರಿಯ ಷೋರೂಮ್ ಬೆಲೆ ಸುಮಾರು 37 ಲಕ್ಷ ರೂಪಾಯಿ. ಮರುವರ್ಷ ಬಿಡದಿಯಲ್ಲೇ ತಯಾರಾದ ಲೆಕ್ಸಸ್‌ನದು ಸುಮಾರು 52 ಲಕ್ಷ.

ನಡುವೆ ಹದಿನೈದು ಲಕ್ಷ ಉಳಿಯಿತು. ಈ ಹಣಕ್ಕೆ ಏನೂ ಸಿಗುವುದಿಲ್ಲ ಎನ್ನುವುದು ಅನ್ಯಾಯವಾದೀತು. ಸೀಟಿನ ಚರ್ಮ, ಒಳಗಿನ ನಿಶ್ಶಬ್ದ, ಬಾಗಿಲು ಮುಚ್ಚುವ ಸದ್ದು, ಎಲ್ಲದರಲ್ಲೂ ನಾಜೂಕು ಹೆಚ್ಚು. ಆದರೂ ಆ ಹದಿನೈದು ಲಕ್ಷದಲ್ಲಿ ಎಷ್ಟು ಪಾಲು ಕಾರಿಗೆ, ಎಷ್ಟು ಪಾಲು ಮೂತಿಯ ಮೇಲಿನ ಲಾಂಛನಕ್ಕೆ ಎಂದು ಕೇಳದೆ ಇರಲಾಗದು.

ಹೋಲಿಸಿ ಕೊಳ್ಳುವ ವಿದ್ಯೆ ರಾಮನಗರಕ್ಕೆ ಹೊಸದಲ್ಲ. ಇಲ್ಲಿನ ರೇಷ್ಮೆಗೂಡು ಮಾರುಕಟ್ಟೆಗೆ ದಿನವೂ ರೀಲರುಗಳು ಬರುತ್ತಾರೆ. ಅವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಒಂದೇ ಲೆಕ್ಕ: ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದೀತು? ಕಸುಬಿನವರು ಇದನ್ನು ರೆಂಡಿಟಾ ಎನ್ನುತ್ತಾರೆ. ಗೂಡು ಯಾವ ಊರಿನದು, ಬೆಳೆದವರು ಎಂಥ ಮನೆತನದವರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಕೊಟ್ಟ ಹಣಕ್ಕೆ ಬರುವ ನೂಲು ಮಾತ್ರ ಬರುತ್ತದೆ. ಕಾರಿನ ಹಾಳೆಗೂ ಇಂಥ ಒಂದು ರೆಂಡಿಟಾ ಹಾಕಿ ನೋಡಬಾರದೇಕೆ? ಅದೇ ರೀಲರು ಕಾರಿನ ಷೋರೂಮಿಗೆ ಹೋದಾಗ ಆ ಲೆಕ್ಕವನ್ನು ಬಾಗಿಲಲ್ಲೇ ಬಿಟ್ಟು ಹೋಗುವಂತೆ ಮಾಡುವುದು ಯಾವುದು?

ಹೆಸರು ಎಂಬುದೇ ಉತ್ತರ. ಹೆಸರಿನ ಮಹಿಮೆಯನ್ನು ಈ ಜಿಲ್ಲೆ ಬಲ್ಲದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಕರೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಬೆಂಗಳೂರಿನ ಹೆಸರು ಬಂದರೆ ಹೂಡಿಕೆ ಬರುತ್ತದೆ, ಭೂಮಿಯ ಬೆಲೆ ಏರುತ್ತದೆ ಎಂಬುದು ಬೆಂಬಲಿಗರ ವಾದವಾಗಿತ್ತು. ಅದೇ ಮಣ್ಣು, ಅದೇ ಅರ್ಕಾವತಿ, ಅದೇ ರಾಗಿ ಹೊಲ. ಹೆಸರು ಬದಲಾದರೆ ಬೆಲೆ ಬದಲಾಗುತ್ತದೆ ಎಂದು ನಂಬುವ ಕಾಲದಲ್ಲಿ ಒಂದೇ ಕಾರ್ಖಾನೆಯ ಎರಡು ಕಾರುಗಳಿಗೆ ಎರಡು ಬೆಲೆ ಇರುವುದರಲ್ಲಿ ಆಶ್ಚರ್ಯವೇನಿದೆ?

ಭೂಮಿಯ ಮಾತು ಸುಮ್ಮನೆ ಬಂದದ್ದಲ್ಲ. ಮಾಗಡಿ ರಸ್ತೆ, ಕನಕಪುರ ರಸ್ತೆಗಳ ಆಚೀಚೆ ಹೊಲಗಳು ಲೇಔಟುಗಳಾಗಿವೆ. ಬಿಡದಿ ಟೌನ್‌ಷಿಪ್‌ಗಾಗಿ ಭೂಮಿ ಕೊಡಲಾರೆವೆಂದು ಬೈರಮಂಗಲ ಸುತ್ತಿನ ರೈತರು 2025ರಲ್ಲಿ ಹೋರಾಟಕ್ಕಿಳಿದರು. ಜಮೀನು ಮಾರಿದ ಹಣ ಕೈಗೆ ಬಂದ ಮನೆಗಳಲ್ಲಿ ಮೊದಲು ಬರುವ ವಸ್ತು ಬಹಳ ಸಲ ಕಾರು. ಮೂರು ತಲೆಮಾರಿಗೆ ಅನ್ನ ಕೊಟ್ಟ ನೆಲ, ವರ್ಷದಿಂದ ವರ್ಷಕ್ಕೆ ಬೆಲೆ ಇಳಿಯುವ ವಸ್ತುವಾಗಿ ಮಾರ್ಪಡುತ್ತದೆ. ಎರಡು ಕಾರುಗಳನ್ನು ಹೋಲಿಸುವ ಹಾಳೆಯಲ್ಲಿ ನೆಲಕ್ಕೂ ಕಾರಿಗೂ ಹೋಲಿಕೆ ಇರುವುದಿಲ್ಲ. ಇದು ಅಥವಾ ಅದು ಎಂದು ಕೇಳಿಕೊಂಡಾಗಲೇ ಎರಡೂ ಬೇಡ ಎನ್ನುವ ದಾರಿ ಸದ್ದಿಲ್ಲದೆ ಮುಚ್ಚಿಹೋಗಿರುತ್ತದೆ.

ಹಾಗೆಂದು ಕಾರು ಕೊಳ್ಳುವವರನ್ನೆಲ್ಲ ದುಂದುಗಾರರೆಂದು ಜರೆಯುವುದು ಸುಲಭ ಮತ್ತು ತಪ್ಪು. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಅಗತ್ಯ ಎಂದರೇನು ಎಂದು ವಿಚಾರಿಸಿದ್ದಾನೆ. ನಾರುಬಟ್ಟೆಯ ಅಂಗಿ ಇಲ್ಲದೆಯೂ ಬದುಕಬಹುದು. ಆದರೆ ತನ್ನ ಕಾಲದ ಯುರೋಪಿನಲ್ಲಿ ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ಕೂಲಿಗಾರನೂ ನಾಚುತ್ತಾನೆ, ಆದ್ದರಿಂದ ಅದು ಅಗತ್ಯವೇ ಎಂಬುದು ಅವನ ಅಭಿಪ್ರಾಯ. ಮರ್ಯಾದೆಯೂ ಒಂದು ಅಗತ್ಯ. ಸೈಕಲ್ಲಿನ ಮೇಲೆ ಹೊರೆ ಹೊತ್ತು ಊರೂರು ತಿರುಗಿದವರ ಮಕ್ಕಳು, ಒಂದು ಕಾಲದಲ್ಲಿ ಮೇಲ್ಜಾತಿಯ ಬೀದಿಯಲ್ಲಿ ಚಪ್ಪಲಿ ಹಾಕಿ ನಡೆಯಲೂ ಆಗದಿದ್ದವರ ಮೊಮ್ಮಕ್ಕಳು ಒಳ್ಳೆಯ ಕಾರಿನಲ್ಲಿ ಬಂದಿಳಿದರೆ ಆ ಹೆಮ್ಮೆಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ತಲೆಮಾರುಗಳಿಂದ ಕಾರಿನಲ್ಲೇ ಓಡಾಡಿದವರು ಇವರಿಗೆ ಸರಳತೆಯ ಪಾಠ ಹೇಳುವುದಂತೂ ಇನ್ನೂ ಅಸಹ್ಯ.

ಆದರೆ ಮರ್ಯಾದೆಗೆ ಒಂದು ಮಿತಿ ಇದೆ. ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ತೋರಿಸಿಕೊಟ್ಟಂತೆ, ನೋಡುವ ಕಣ್ಣುಗಳಿಗಾಗಿ ಮಾಡುವ ಖರ್ಚಿಗೆ ಕೊನೆ ಇರುವುದಿಲ್ಲ. ನೆರೆಯವನು ಒಂದು ಮೆಟ್ಟಿಲು ಹತ್ತಿದ ದಿನ ನಮ್ಮ ವಸ್ತು ಹಳತಾಗುತ್ತದೆ. ಯಾರ ಮುಂದೆಯೂ ತಲೆತಗ್ಗಿಸದೆ ಬಾಳಲು ಒಂದು ಒಳ್ಳೆಯ ಕಾರು ಸಾಕು. ಇನ್ನೊಬ್ಬರು ನಮ್ಮ ಮುಂದೆ ತಲೆತಗ್ಗಿಸಲಿ ಎಂದಾದರೆ ಯಾವ ಕಾರೂ ಸಾಲದು.

ದುಬಾರಿ ಕಾರು ಕೊಂಡರೆ ಬಡವರಿಗೆ ಕೆಲಸ ಸಿಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲೂ ಸತ್ಯವಿದೆ. ಬಿಡದಿಯ ಕಾರ್ಖಾನೆಯಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. 2007ರಲ್ಲಿ ಅಲ್ಲಿ ಶುರುವಾದ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳಿಗೆ ಕಸುಬು ಕಲಿಸಿದೆ. ಸರ್ಕಾರದ ಬೊಕ್ಕಸಕ್ಕೂ ಪಾಲು ಹೋಗುತ್ತದೆ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 18. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಶೇ. 40. ಆದರೆ ಅದೇ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ, ಬೀಗಮುದ್ರೆ ನಡೆದವು. ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರಾಗಿದ್ದರೆ, ಕಾರ್ಮಿಕರ ಅಶಿಸ್ತು ಎಂಬುದು ಆಡಳಿತದ ಮಾತಾಗಿತ್ತು. ವಿವಾದ ತಿಂಗಳುಗಟ್ಟಲೆ ಎಳೆಯಿತು. ಸರಿ ಯಾರು ಎಂದು ಇಲ್ಲಿ ತೀರ್ಪು ಕೊಡುವುದು ಬೇಡ. ನಮ್ಮ ಕೊಳ್ಳುವಿಕೆಯಿಂದ ಕಾರ್ಮಿಕನಿಗೆ ಅನ್ನ ಸಿಗುತ್ತದೆ ಎಂದು ಹೇಳಿಕೊಳ್ಳುವವರು ಅವನು ಬೀದಿಗೆ ಬಂದ ದಿನ ಅವನ ಮಾತನ್ನೂ ಕೇಳಿಸಿಕೊಳ್ಳಬೇಕು, ಅಷ್ಟೆ.

ಕೊಂಡ ಕಾರು ಇನ್ನು ರಸ್ತೆಗಿಳಿಯಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಸಾವುನೋವು ತಪ್ಪಿಸಲು ಮಾಡಿದ ಈ ನಿಯಮವನ್ನು ತಪ್ಪೆನ್ನಲಾಗದು. ಆದರೂ ಗೂಡಿನ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಹೊರಟ ರೈತ ಸರ್ವಿಸ್ ರಸ್ತೆಯಲ್ಲಿ, ನಾವು ಅವನ ಪಕ್ಕದಲ್ಲೇ ಬೇಲಿಯ ಆಚೆ ನೂರು ಕಿಲೋಮೀಟರ್ ವೇಗದಲ್ಲಿ. ಹಳೆಯ ಹೆದ್ದಾರಿಯಲ್ಲಿ ನಿಂತು ಚಹಾ ಕುಡಿದು ಮಗುವಿಗೊಂದು ಗೊಂಬೆ ಕೊಳ್ಳುತ್ತಿದ್ದ ಗಿರಾಕಿ ಈಗ ಬೈಪಾಸಿನಲ್ಲಿ ದಾಟಿಹೋಗುತ್ತಾನೆ ಎಂಬುದು ಚನ್ನಪಟ್ಟಣದ ಅಂಗಡಿಯವರ ಅಳಲು.

ಆ ಗೊಂಬೆಗೂ ಒಂದು ಹೆಸರಿದೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿ ಇಪ್ಪತ್ತು ವರ್ಷಗಳಾದವು. ಹಾಲೆ ಮರದ ತುಂಡನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಆ ಬಿಸಿಗೆ ಕರಗಿದ ಅರಗನ್ನು ಗರಿಯಿಂದ ಉಜ್ಜಿ ಹೊಳಪು ಕೊಡುವ ಕೈಗಳಿಗೆ ಆ ಹೆಸರು ರಕ್ಷಣೆಯಾಗಲಿ ಎಂಬುದು ಅದರ ಉದ್ದೇಶ. ಅದು ಮಾಡಿದವರ ಹೆಸರು. ಕಾರಿನ ಲಾಂಛನವಾದರೋ ಕೊಂಡವರ ಹೆಸರಾಗಿಬಿಡುತ್ತದೆ. ವಿಚಿತ್ರವೆಂದರೆ ಇನ್ನೂರು ರೂಪಾಯಿಯ ಗೊಂಬೆಗೆ ಇಪ್ಪತ್ತು ರೂಪಾಯಿ ಇಳಿಸಲು ಚೌಕಾಸಿ ಮಾಡುವ ನಾವು ಲಾಂಛನದ ಲಕ್ಷಗಳನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬರುತ್ತೇವೆ.

ರಸ್ತೆಯೊಂದಿಗೆ ಹೆಸರು ಸೇರಿಕೊಂಡ ಇನ್ನೊಬ್ಬರು ಈ ಸೀಮೆಯಲ್ಲೇ ಬಾಳಿದರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ. ಹುಲಿಕಲ್–ಕುದೂರು ನಡುವಿನ ನಾಲ್ಕು ಕಿಲೋಮೀಟರ್ ದಾರಿಯ ಬದಿಗೆ ಗಂಡನೊಡನೆ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದವರು. ಆ 385 ಮರಗಳ ನೆರಳಿನಲ್ಲಿ ನಡೆದವರು ಯಾರು ಎಂದು ಅವರು ಕೇಳಲಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಭೀತಿಯೂ ಬಂತು. ಮರ ಉಳಿಸಿ ಎಂದು ಅವರು ಮುಖ್ಯಮಂತ್ರಿಗಳ ಬಳಿಗೆ ಹೋಗಬೇಕಾಯಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಎಲ್ಲರೂ ತಿಮ್ಮಕ್ಕನಾಗಲಾರರು, ಕಾರು ಬಿಟ್ಟು ನಡೆಯಿರಿ ಎಂದೂ ಯಾರೂ ಹೇಳುತ್ತಿಲ್ಲ. ದಾರಿಯ ಮೇಲೆ ನಮಗಿರುವ ಹಕ್ಕಿನ ಜೊತೆ ದಾರಿಹೋಕರ ಋಣವೂ ಇದೆ ಎಂಬುದನ್ನು ಅವರ ಬದುಕು ನೆನಪಿಸುತ್ತದೆ.

ಹಾಗಾದರೆ ಮನೆಯ ಆ ಹಾಳೆಯನ್ನು ಹರಿದೆಸೆಯುವುದು ಬೇಡ. ಕೆಳಗೆ ಇನ್ನು ಮೂರು ಸಾಲು ಸೇರಿಸೋಣ. ಈ ಹಣ ಎಲ್ಲಿಂದ ಬಂತು, ಇದು ಹೋದ ಮೇಲೆ ಮಕ್ಕಳಿಗೆ ಉಳಿಯುವುದೇನು? ಹೆಚ್ಚಿಗೆ ಕೊಡುವ ಹಣ ನಮ್ಮ ಬೆನ್ನಿನ ಸುಖಕ್ಕೋ, ಬೇರೆಯವರ ಕಣ್ಣಿಗೋ? ಆ ಹಿಂದಿನ ಸೀಟಿನಲ್ಲಿ ನಮ್ಮವರಲ್ಲದೆ ಇನ್ಯಾರಿಗೆ ಜಾಗವಿದೆ? ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಬೀದಿಯ ಹೆಣ್ಣುಮಗಳಿಗೆ ಆ ಬಾಗಿಲು ತೆರೆಯುತ್ತದೆಯೇ, ಇಲ್ಲ ಸೀಟು ಕೊಳೆಯಾದೀತು ಎಂಬ ಹೆದರಿಕೆ ಅಡ್ಡ ಬರುತ್ತದೆಯೇ? ಈ ಸಾಲುಗಳನ್ನು ಯಾವ ಕಂಪನಿಯೂ ತುಂಬಿಕೊಡುವುದಿಲ್ಲ. ನಾವೇ ಪ್ರಾಮಾಣಿಕವಾಗಿ ತುಂಬಿದ ಮೇಲೆ ಕೆಲವರು ಮೊದಲನೆಯ ಕಾರನ್ನು ಕೊಳ್ಳಬಹುದು, ಕೆಲವರು ಎರಡನೆಯದನ್ನು. ಇನ್ನು ಕೆಲವರು ಉಳಿದ ಹದಿನೈದು ಲಕ್ಷದಲ್ಲಿ ಅಣ್ಣನ ಮಗಳ ಓದನ್ನೋ, ಸಾಲದಲ್ಲಿ ಸಿಕ್ಕಿಕೊಂಡ ಪಕ್ಕದ ಮನೆಯ ರೀಲರಿನ ಕಸುಬನ್ನೋ ದಡ ಮುಟ್ಟಿಸಬಹುದು.