ಸನ್ನದೂ ಋಣವೂ

ಸರಕಾರವು ಪ್ರಜೆಯ ಕೈಗೆ ಕೊಡುವ ಕಾಗದಗಳಲ್ಲಿ ಎರಡು ಅವನ ಬಾಳನ್ನು ಬಹಳವಾಗಿ ಮಾರ್ಪಡಿಸತಕ್ಕವು. ಒಂದು ನ್ಯಾಯಸ್ಥಾನದ ತೀರ್ಪು; ಇನ್ನೊಂದು ವ್ಯಾಪಾರದ ಸನ್ನದು. "ನೀನು ಮಾಡಿದುದು ಅಪರಾಧ" ಎಂದು ಮೊದಲನೆಯದು ಹೇಳುತ್ತದೆ. "ನೀನು ಇದನ್ನು ಮಾಡುವುದಕ್ಕೆ ಅಪ್ಪಣೆಯುಂಟು" ಎಂದು ಎರಡನೆಯದು ಹೇಳುತ್ತದೆ. ಇವೆರಡೂ ಬೇರೆ ಬೇರೆ ಜನರ ಕೈಯಲ್ಲಿ, ಬೇರೆ ಬೇರೆ ಕಾರ್ಯಗಳನ್ನು ಕುರಿತು ಇರುವವರೆಗೆ ಧರ್ಮಜಿಜ್ಞಾಸೆಗೆ ಎಡೆಯಿಲ್ಲ. ಆದರೆ ಒಂದೇ ವಸ್ತುವಿನ ವಿಷಯದಲ್ಲಿ, ಒಂದೇ ಸರಕಾರವು, ಒಬ್ಬನೇ ಮನುಷ್ಯನಿಗೆ ಮೊದಲು ತೀರ್ಪನ್ನೂ ಆಮೇಲೆ ಸನ್ನದನ್ನೂ ಕೊಟ್ಟರೆ ಏನೆನ್ನಬೇಕು? ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ೨೦೨೨ರಲ್ಲಿ ನಡೆದುದು ಇದೇ. ವಸ್ತು ಗಾಂಜಾ, ಸನ್ನದು ಅದನ್ನು ಅಂಗಡಿಯಿಟ್ಟು ಮಾರುವುದಕ್ಕೆ. ಹಿಂದೆ ಗಾಂಜಾದ ದೆಸೆಯಿಂದ ದಂಡನೆಗೆ ಗುರಿಯಾದವರಿಗೇ ಮೊದಲ ಸನ್ನದುಗಳು ಸಲ್ಲಬೇಕೆಂದು ಅಲ್ಲಿಯ ಸರಕಾರವು ಗೊತ್ತುಮಾಡಿತು. ಇದು ನ್ಯಾಯವೋ ವಿಪರೀತವೋ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಮೊದಲು ಹಿಂದಿನ ವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿಯಬೇಕು. ೧೯೭೩ರಲ್ಲಿ ರಾಕ್‌ಫೆಲ್ಲರನು ಗವರ್ನರಾಗಿದ್ದಾಗ ಆ ಸಂಸ್ಥಾನವು ಮಾದಕವಸ್ತುಗಳನ್ನು ಕುರಿತು ಬಹು ಕಠಿನವಾದ ಕಾಯಿದೆಗಳನ್ನು ಮಾಡಿತು. ೧೯೭೭ರಲ್ಲಿ ಗಾಂಜಾದ ಮಟ್ಟಿಗೆ ಬಿಗಿ ಸ್ವಲ್ಪ ಸಡಿಲಿತು. ಅಲ್ಪ ಪ್ರಮಾಣದಲ್ಲಿ ಇಟ್ಟುಕೊಂಡವನಿಗೆ ಜುಲ್ಮಾನೆ ಮಾತ್ರ ಎಂದಾಯಿತು. ಆದರೆ ಬಹಿರಂಗವಾಗಿ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡರೆ ಅದು ಅಪರಾಧವೇ ಎಂಬ ಮಾತು ಕಾಯಿದೆಯಲ್ಲಿ ಉಳಿಯಿತು. ಬೀದಿಯಲ್ಲಿ ಹೋಗುತ್ತಿರುವ ತರುಣನನ್ನು ಪೋಲೀಸಿನವನು ತಡೆದು, ಜೇಬಿನಲ್ಲಿರುವುದನ್ನು ಹೊರಕ್ಕೆ ತೆಗೆಯೆಂದರೆ, ತೆಗೆದ ಕ್ಷಣದಲ್ಲಿಯೇ ಅದು ಬಹಿರಂಗವಾದಂತಾಗುತ್ತಿತ್ತು! ಹೀಗೆ ೨೦೧೧ನೆಯ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ನಗರದಲ್ಲಿ ಗಾಂಜಾದ ಸಣ್ಣ ಪೊಟ್ಟಣಗಳಿಗಾಗಿ ಸುಮಾರು ೫೦,೦೦೦ ದಸ್ತಗಿರಿಗಳು ನಡೆದುವು. ದಸ್ತಗಿರಿಯಾದವರಲ್ಲಿ ಬಹು ದೊಡ್ಡ ಪಾಲು ಆಫ್ರಿಕಾ ಮೂಲದವರು ಮತ್ತು ಲ್ಯಾಟಿನ್ ಅಮೆರಿಕ ಮೂಲದವರು. ಗಾಂಜಾ ಸೇದುವ ಅಭ್ಯಾಸವಾದರೋ ಬಿಳಿಯರಲ್ಲಿಯೂ ಅವರಲ್ಲಿಯೂ ಹೆಚ್ಚುಕಡಮೆ ಸಮವಾಗಿಯೇ ಇತ್ತು. ಕಾಯಿದೆಯು ಎಲ್ಲರಿಗೂ ಒಂದೇ ಆಗಿದ್ದರೂ ಅದರ ಕೈ ಕೆಲವು ಕೇರಿಗಳಿಗೆ ಮಾತ್ರ ಚಾಚುತ್ತಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

೨೦೨೧ನೆಯ ಮಾರ್ಚ್ ೩೧ರಂದು ಹೊಸ ಕಾಯಿದೆಗೆ ಅಂಕಿತವಾಯಿತು. ೨೧ ವರ್ಷ ತುಂಬಿದವರು ಗಾಂಜಾವನ್ನು ಕೊಳ್ಳಬಹುದು, ಸನ್ನದುದಾರರು ಮಾರಬಹುದು. ಮರುವರ್ಷದಲ್ಲಿ ಮೊದಲ ಚಿಲ್ಲರೆ ಅಂಗಡಿಗಳ ನಿಯಮಗಳು ಪ್ರಕಟವಾದುವು. ಅರ್ಜಿದಾರನು ತಾನಾಗಲಿ, ಅವನ ತಂದೆತಾಯಿ, ಮಕ್ಕಳು, ಪತಿ ಅಥವಾ ಪತ್ನಿ ಮೊದಲಾದ ಹತ್ತಿರದ ಸಂಬಂಧಿಯಾಗಲಿ ಹೊಸ ಕಾಯಿದೆಗೆ ಮುಂಚೆ ಆ ಸಂಸ್ಥಾನದಲ್ಲಿ ಗಾಂಜಾದ ಅಪರಾಧಕ್ಕಾಗಿ ದಂಡಿತರಾಗಿರಬೇಕು. ಅದಲ್ಲದೆ, ಕಡೆಯ ಪಕ್ಷ ಎರಡು ವರ್ಷ ಲಾಭದಲ್ಲಿ ನಡೆದ ಯಾವುದಾದರೊಂದು ವ್ಯವಹಾರದಲ್ಲಿ ಅವನಿಗೆ ನೂರಕ್ಕೆ ಹತ್ತರಷ್ಟಾದರೂ ಪಾಲಿದ್ದಿರಬೇಕು. ಅರ್ಜಿಯ ಶುಲ್ಕ ೨,೦೦೦ ಡಾಲರು. ಅರ್ಜಿ ತಿರಸ್ಕೃತವಾದರೂ ಅದು ಹಿಂದಕ್ಕೆ ಬಾರದು. ಒಂದು ಕೈಯಲ್ಲಿ ಕಳಂಕದ ದಾಖಲೆ, ಇನ್ನೊಂದು ಕೈಯಲ್ಲಿ ಲಾಭದ ಲೆಕ್ಕ, ಈ ಎರಡನ್ನೂ ಹಿಡಿದು ನಿಂತವನಿಗೆ ಮಾತ್ರ ಬಾಗಿಲು. ೨೦೨೨ನೆಯ ನವೆಂಬರಿನಲ್ಲಿ ೩೬ ಸನ್ನದುಗಳು ಮಂಜೂರಾದುವು. ಡಿಸೆಂಬರ್ ೨೯ರಂದು ಒಂದು ಧರ್ಮಸಂಸ್ಥೆಯ ಅಂಗಡಿಯೂ, ಮುಂದಿನ ಜನವರಿಯಲ್ಲಿ ಹಿಂದೆ ದಂಡಿತನಾಗಿದ್ದ ಒಬ್ಬ ವ್ಯಕ್ತಿಯ ಅಂಗಡಿಯೂ ತೆರೆದುವು.

ಈ ವ್ಯವಸ್ಥೆಗೆ ವಿರೋಧವಾಗಿ ಹೇಳುವ ಮಾತುಗಳು ಹಗುರವಾದುವಲ್ಲ. ಒಂದೇ ಬೀದಿಯಲ್ಲಿ ಬೆಳೆದ ಇಬ್ಬರು ತರುಣರನ್ನು ಊಹಿಸಬಹುದು. ಒಬ್ಬನು ಕಾಯಿದೆಯನ್ನು ಮೀರಿ ಗಾಂಜಾ ಮಾರಿದನು, ಸಿಕ್ಕಿಬಿದ್ದನು. ಇನ್ನೊಬ್ಬನು, ಬಡತನವು ಅವನನ್ನೂ ಅಷ್ಟೇ ಹಿಂಡುತ್ತಿದ್ದರೂ, ತಾಯಿಯ ಮಾತಿಗೆ ಕಟ್ಟುಬಿದ್ದು ಆ ದಾರಿಯನ್ನು ತುಳಿಯದೆ ಕೂಲಿಮಾಡಿದನು. ಇಂದು ಸನ್ನದಿನ ಬಾಗಿಲಿನಲ್ಲಿ ಮೊದಲನೆಯವನಿಗೆ ಮನ್ನಣೆ, ಎರಡನೆಯವನಿಗೆ ನಿರಾಕರಣೆ. ಕಾಯಿದೆಗೆ ತಲೆಬಾಗಿದವನಿಗೆ ಇದೇ ಫಲವೆ? ಮತ್ತೊಂದು ಆಕ್ಷೇಪವು ನ್ಯಾಯಸ್ಥಾನದವರೆಗೂ ಹೋಯಿತು. ೨೦೨೧ರ ಕಾಯಿದೆಯು ಆದ್ಯತೆಗೆ ಅರ್ಹರಾದವರಲ್ಲಿ ಸೈನ್ಯದ ಸೇವೆಯಲ್ಲಿ ಅಂಗವಿಕಲರಾದವರನ್ನೂ ಹೆಸರಿಸಿತ್ತು. ೨೦೨೩ನೆಯ ಆಗಸ್ಟಿನಲ್ಲಿ ಅಂತಹ ನಾಲ್ವರು, ತಮ್ಮನ್ನು ಹೊರಗಿಟ್ಟು ದಂಡಿತರಿಗೆ ಮಾತ್ರ ಬಾಗಿಲು ತೆರೆದುದು ಕಾಯಿದೆಗೆ ವಿರುದ್ಧವೆಂದು ದಾವೆ ಹೂಡಿದರು. ನ್ಯಾಯಾಧೀಶನು ತಡೆಯಾಜ್ಞೆ ಕೊಟ್ಟನು. ವರ್ಷದ ಕೊನೆಗೆ ರಾಜಿಯಾಗುವವರೆಗೆ ಸನ್ನದುಗಳ ಕೆಲಸ ಬಹುಮಟ್ಟಿಗೆ ನಿಂತುಹೋಯಿತು. ದೇಶಕ್ಕಾಗಿ ಗಾಯಗೊಂಡವನೂ ದೇಶದಿಂದ ಗಾಯಗೊಂಡವನೂ ಒಂದೇ ಬಾಗಿಲಲ್ಲಿ ಎದುರುಬದುರಾಗಿ ನಿಂತ ಆ ನೋಟವು ಯೋಚಿಸುವವರ ಮನಸ್ಸನ್ನು ಕದಡದಿರದು.

ಉತ್ತರ ಹೇಳುವುದಕ್ಕೆ ಮೊದಲು ಸನ್ನದೆಂದರೇನು ಎಂಬುದನ್ನು ನಿಶ್ಚಯಿಸಬೇಕು. ಅದಕ್ಕೆ ಅಮೆರಿಕದವರೆಗೆ ಹೋಗಬೇಕಾದುದಿಲ್ಲ. ಗಾಂಜಾದ ಸನ್ನದು ಭಾರತಕ್ಕೆ ಹಳೆಯ ಪರಿಚಯ. ೧೮೯೩ರಲ್ಲಿ ಆಗಿನ ಸರಕಾರವು ಈ ವಿಷಯವನ್ನು ವಿಚಾರಿಸುವುದಕ್ಕಾಗಿ ಮ್ಯಾಕ್‌ವರ್ತ್ ಯಂಗನ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಆಯೋಗವೊಂದನ್ನು ನೇಮಿಸಿತು. ಅದು ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಮರುವರ್ಷ ವರದಿಯನ್ನು ಒಪ್ಪಿಸಿತು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲ; ಅತಿಯಾದರೆ ಹಾನಿಯುಂಟು; ಪೂರ್ಣ ನಿಷೇಧವು ಅನಾವಶ್ಯಕ; ಸುಂಕ, ಸನ್ನದು, ಅಂಗಡಿಗಳ ಸಂಖ್ಯೆಯ ಮಿತಿ, ಇವುಗಳಿಂದ ಹತೋಟಿಯಲ್ಲಿಡುವುದೇ ಯುಕ್ತ: ಇದು ಅದರ ಬಹುಮತದ ಅಭಿಪ್ರಾಯ. ಬಂಗಾಳದ ರಾಜಶಾಹಿ ಜಿಲ್ಲೆಯ ನವಗಾಂವಿನಲ್ಲಿ ರೈತರು ಸನ್ನದು ಪಡೆದು ಗಾಂಜಾ ಬೆಳೆಯುತ್ತಿದ್ದರು. ಬೆಳೆಯು ಸರಕಾರದ ಕಣ್ಣೆದುರಿನ ಉಗ್ರಾಣಕ್ಕೆ ಸೇರಿ, ಅಲ್ಲಿಂದ ಸನ್ನದುಳ್ಳ ವರ್ತಕರಿಗೆ ಹೋಗುತ್ತಿತ್ತು. ೧೯೧೭ರಲ್ಲಿ ಆ ಬೆಳೆಗಾರರದೇ ಒಂದು ಸಹಕಾರ ಸಂಘವೂ ಸ್ಥಾಪಿತವಾಯಿತು. ಸ್ವತಂತ್ರ ಭಾರತದ ಸಂವಿಧಾನವು ತನ್ನ ೪೭ನೆಯ ವಿಧಿಯಲ್ಲಿ ಮಾದಕವಸ್ತುಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕೆಂದು ಹೇಳಿತು. ೧೯೮೫ರ ಕಾಯಿದೆಯು ಗಿಡದ ಹೂತೆನೆಯಾದ ಗಾಂಜಾವನ್ನೂ, ಅಂಟಾದ ಚರಸನ್ನೂ ನಿಷೇಧಿಸಿತು. ತೆನೆಯಿಂದ ಬೇರ್ಪಟ್ಟ ಎಲೆಯನ್ನು ಮಾತ್ರ ಬಿಟ್ಟಿತು. ಎಲೆಯಿಂದಾಗುವ ಭಂಗಿಯು ಆ ಕಾಯಿದೆಯ ನಿಷಿದ್ಧವಸ್ತುಗಳಲ್ಲಿ ಎಣಿಸಲ್ಪಟ್ಟಿಲ್ಲವೆಂದು ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಒಂದು ಜಾಮೀನಿನ ಪ್ರಕರಣದಲ್ಲಿ ಹೇಳಿತು. ಒಂದೇ ಗಿಡ, ಎಲೆಗೆ ಒಂದು ನೀತಿ, ಹೂವಿಗೆ ಒಂದು ನೀತಿ!

ಇದರಿಂದ ತಿಳಿಯಬೇಕಾದುದೇನು? ಸನ್ನದು ವಸ್ತುವಿನ ಗುಣಕ್ಕೆ ಕೊಟ್ಟ ಪ್ರಶಸ್ತಿಯಲ್ಲ. ಸರಕಾರದ ಮುದ್ರೆ ಬಿದ್ದೊಡನೆ ಗಾಂಜಾವು ತುಳಸಿಯಾಗದು. ಎಳೆಯ ವಯಸ್ಸಿನವರ ಬುದ್ಧಿಗೂ, ಚಿತ್ತಸ್ವಾಸ್ಥ್ಯ ಕೆಡುವ ಸಂಭವವಿರುವವರಿಗೂ ಅದರ ಸೇವನೆಯಿಂದ ಅಪಾಯವುಂಟೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಸನ್ನದು ಹೇಳುವುದು ಇಷ್ಟೇ: ಜನರು ಇದನ್ನು ಬಿಡುವಂತಿಲ್ಲ, ಕತ್ತಲೆಯಲ್ಲಿ ಮಾರುವ ಬದಲು ಬೆಳಕಿನಲ್ಲಿ ಮಾರಲಿ, ಮಾರುವವನು ಹೆಸರು ವಿಳಾಸಗಳುಳ್ಳವನಾಗಿ, ಎಳೆಯರಿಗೆ ಕೊಡದೆ, ಕಲಬೆರಕೆ ಮಾಡದೆ, ಕೇಳಿದಾಗ ಲೆಕ್ಕವೊಪ್ಪಿಸಲಿ. ಎಂದಮೇಲೆ ಸನ್ನದು ಬಹುಮಾನವೂ ಅಲ್ಲ, ಅದೊಂದು ಹೊಣೆ. ನ್ಯೂಯಾರ್ಕಿನ ದಂಡಿತರಿಗೆ ಸರಕಾರವು ಕೊಟ್ಟುದು ಅಪರಾಧಕ್ಕೆ ಬಹುಮಾನವೆಂಬ ಆಕ್ಷೇಪದ ಬಲವು ಇಲ್ಲಿಯೇ ಅರ್ಧ ಕುಗ್ಗುತ್ತದೆ.

ಇನ್ನರ್ಧಕ್ಕೆ ಉತ್ತರವನ್ನು ದಂಡನೆಯ ತತ್ತ್ವದಲ್ಲಿ ಹುಡುಕಬೇಕು. ರಾಜದಂಡವನ್ನು ಅನುಭವಿಸಿದ ಅಪರಾಧಿಯು ಪುಣ್ಯವಂತನಂತೆ ನಿರ್ಮಲನಾಗುತ್ತಾನೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ. ದಂಡನೆಯೆಂಬುದು ತೀರಿಸಬಹುದಾದ ಸಾಲ. ತೀರಿಸಿದವನನ್ನು ಮತ್ತೆ ಸಾಲಗಾರನೆಂದು ಕರೆಯಲಾಗದು. ಹೊಸ ಕಾಲದ ದಂಡನೆ ಹಾಗಿಲ್ಲ. ಅದು ಸೆರೆಮನೆಯ ಬಾಗಿಲಲ್ಲಿ ಮುಗಿಯದೆ ದಾಖಲೆಯ ರೂಪದಲ್ಲಿ ಬೆನ್ನಟ್ಟಿ ಬರುತ್ತದೆ. ಉದ್ಯೋಗ ಕೊಡುವವನೂ, ಬಾಡಿಗೆಯ ಮನೆಯ ಯಜಮಾನನೂ ಆ ದಾಖಲೆಯನ್ನು ನೋಡಿ ಮುಖ ತಿರುಗಿಸುತ್ತಾರೆ. ಜೇಬಿನಲ್ಲಿದ್ದ ಒಂದು ಪೊಟ್ಟಣಕ್ಕಾಗಿ ಹದಿನೆಂಟರ ಹರೆಯದಲ್ಲಿ ಬಿದ್ದ ಮಸಿಯು ನಲವತ್ತರಲ್ಲಿಯೂ ಆರುವುದಿಲ್ಲ. ಅಷ್ಟರಲ್ಲಿ ಕಾಯಿದೆ ಬದಲಾಗಿ, ಹಣವುಳ್ಳವನೊಬ್ಬನು ಅದೇ ಬೀದಿಯಲ್ಲಿ ಗಾಜಿನ ಕಪಾಟುಗಳ ಅಂಗಡಿಯನ್ನು ತೆರೆದು ಅದೇ ವಸ್ತುವನ್ನು ಮಾರಿ ಗೌರವಸ್ಥನೆನಿಸಿದರೆ, ಮೊದಲಿನವನ ಎದೆಯಲ್ಲಿ ಏಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಅವನು ತನ್ನ ಸಾಲವನ್ನು ಅಸಲಿಗಿಂತ ಎಷ್ಟೋ ಮೀರಿ ತೀರಿಸಿದ್ದಾನೆ. ಮೀರಿದಷ್ಟು ಈಗ ಸರಕಾರದ ಮೇಲಿನ ಋಣ. ಆದುದರಿಂದ ಸನ್ನದಿನಲ್ಲಿ ಅವನಿಗೆ ಸಲ್ಲುವ ಮುಂಗಡೆಯ ಸ್ಥಾನವನ್ನು ಕೃಪೆಯೆಂದು ಕರೆಯುವುದು ತಪ್ಪು. ಅದು ಋಣದ ಒಂದು ಕಂತು.

ಹಾಗಾದರೆ ಕಾಯಿದೆಗೆ ನಡೆದುಕೊಂಡ ಆ ಎರಡನೆಯ ತರುಣನ ಗತಿಯೇನು? ಅವನ ಸಂಯಮಕ್ಕೆ ಫಲವಿಲ್ಲದೆ ಇಲ್ಲ. ಅವನಿಗೆ ಸೆರೆಯಾಗಲಿಲ್ಲ, ದಾಖಲೆಯ ಮಸಿ ತಗುಲಲಿಲ್ಲ, ಉದ್ಯೋಗದ ಬಾಗಿಲು ಆ ಕಾರಣದಿಂದ ಮುಚ್ಚಲಿಲ್ಲ. ಆದರೂ ಅವನ ಅಳಲು ಸುಳ್ಳಲ್ಲ. ಪೋಲೀಸರ ಕೈ ಎಡೆಬಿಡದೆ ಚಾಚಿದ ಕೇರಿಯಲ್ಲಿ ದಂಡಿತನಾಗದವನೂ ಅಣ್ಣನನ್ನು, ನೆರೆಯವನನ್ನು, ಅಂಗಡಿಬೀದಿಯ ಕಳೆಯನ್ನು ಕಳೆದುಕೊಂಡಿದ್ದಾನೆ. ಈ ನೋವಿಗೆ ಸನ್ನದಿನಲ್ಲಿ ಔಷಧವಿಲ್ಲ. ಗಾಂಜಾದ ತೆರಿಗೆಯಲ್ಲಿ ಆಡಳಿತದ ವೆಚ್ಚ ಕಳೆದು ಉಳಿದುದರಲ್ಲಿ ನೂರಕ್ಕೆ ೪೦ ಪಾಲು ಅಂತಹ ಕೇರಿಗಳ ಉದ್ಧಾರಕ್ಕೂ, ೪೦ ಪಾಲು ವಿದ್ಯಾಭ್ಯಾಸಕ್ಕೂ, ೨೦ ಪಾಲು ವ್ಯಸನಿಗಳ ಚಿಕಿತ್ಸೆಗೂ ಹೋಗಬೇಕೆಂದು ನ್ಯೂಯಾರ್ಕಿನ ಕಾಯಿದೆಯು ವಿಧಿಸಿದುದು ಈ ಕಾರಣದಿಂದ ಮೆಚ್ಚತಕ್ಕದ್ದು. ವ್ಯಸನದಿಂದ ಬಂದ ಹಣವು ಬೊಕ್ಕಸದ ಹಸಿವನ್ನೇ ಬೆಳೆಸಿದರೆ, ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾದೀತು.

ಆದರೆ ತತ್ತ್ವವು ಸರಿಯಾದ ಮಾತ್ರಕ್ಕೆ ಆಚರಣೆಯು ಸರಿಯಾಗುವುದಿಲ್ಲ. ಸನ್ನದು ಕೈಗೆ ಬಂದವನಿಗೆ ಅಂಗಡಿ ಬೇಕು. ಅಂಗಡಿಯು ಶಾಲೆಗೂ ಪ್ರಾರ್ಥನಾಮಂದಿರಕ್ಕೂ ಕಾಯಿದೆಯು ವಿಧಿಸಿದಷ್ಟು ದೂರದಲ್ಲಿರಬೇಕು. ಬಾಡಿಗೆಗೆ ಮುಂಗಡ ಬೇಕು. ಸಂಸ್ಥಾನವು ಅನುಮತಿಸಿದ್ದರೂ, ೧೯೭೦ರ ಕೇಂದ್ರ ಕಾಯಿದೆಯ ಪ್ರಕಾರ ಗಾಂಜಾವು ಆ ಅಂಗಡಿಗಳು ತೆರೆದಾಗಲೂ ನಿಷಿದ್ಧವಾಗಿಯೇ ಇದ್ದಿತು. ಆದಕಾರಣ ಬ್ಯಾಂಕುಗಳು ಸಾಲ ಕೊಡಲು ಅಂಜಿದುವು. ಬಾಡಿಗೆ ಸಂಬಳ ಮೊದಲಾದ ವೆಚ್ಚಗಳನ್ನು ಕಳೆಯದೆಯೇ ಕೇಂದ್ರದ ಆದಾಯ ತೆರಿಗೆಯನ್ನು ತೆರಬೇಕಾಯಿತು. ಸರಕಾರವು ೨೦ ಕೋಟಿ ಡಾಲರಿನ ಸಹಾಯನಿಧಿಯನ್ನು ಸಾರಿತು. ಆದರೆ ನೆರವು ಬಹು ನಿಧಾನವಾಗಿ, ಅದೂ ಸಾಲದ ರೂಪದಲ್ಲಿ ಬಂದಿತು. ಇತ್ತ ಸನ್ನದಿಲ್ಲದ ಅಂಗಡಿಗಳು ನಗರದಲ್ಲಿ ಸಾವಿರಕ್ಕೂ ಮೀರಿ ಹಬ್ಬಿ, ತೆರಿಗೆಯ ಕಾಟವಿಲ್ಲದೆ ಅಗ್ಗವಾಗಿ ಮಾರಿದುವು. ೨೦೨೩ರ ತಡೆಯಾಜ್ಞೆಯ ಹೊತ್ತಿಗೆ ನಾನೂರಕ್ಕೂ ಮೇಲ್ಪಟ್ಟು ಸನ್ನದುಗಳು ಮಂಜೂರಾಗಿದ್ದರೂ ತೆರೆದಿದ್ದ ಅಂಗಡಿಗಳು ಮೂವತ್ತನ್ನು ಮುಟ್ಟಿರಲಿಲ್ಲ. ಸರಕಾರವನ್ನು ನಂಬಿ, ಉಳಿತಾಯವನ್ನು ಸುರಿದು, ಮುಚ್ಚಿದ ಅಂಗಡಿಗೆ ಬಾಡಿಗೆ ತೆರುತ್ತ ಕುಳಿತವನಿಗೆ ಸನ್ನದು ಎರಡನೆಯ ದಂಡನೆಯಾಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯು ದೇಶಭೇದವನ್ನರಿಯದು. ಕಡಲೆಯನ್ನು ಕೊಡುವವನು ಹಲ್ಲಿನ ಯೋಚನೆಯನ್ನೂ ಮಾಡತಕ್ಕದ್ದು.

ಮತ್ತೊಂದು ಮಾತು ಇದಕ್ಕಿಂತ ಮುಖ್ಯವಾದುದು. ಸನ್ನದು ಸಿಗುವುದು ನೂರಾರು ಮಂದಿಗೆ; ದಸ್ತಗಿರಿಯಾದವರು ಲಕ್ಷಾಂತರ. ಅವರಲ್ಲಿ ಬಹುಮಂದಿಗೆ ವ್ಯಾಪಾರದ ಆಸೆಯೇ ಇರದು. ಕೆಲವರು ಆ ವಸ್ತುವನ್ನು ಕಂಡರೆ ಈಗ ಜುಗುಪ್ಸೆಪಡುವವರೂ ಇರಬಹುದು. ಅವರಿಗೆ ಸಲ್ಲಬೇಕಾದುದು ತಮ್ಮ ಹೆಸರು, ಮಸಿಯಿಲ್ಲದ ಹೆಸರು. ಇಂದು ಅಪರಾಧವಲ್ಲದ ಕಾರ್ಯಗಳಿಗಾಗಿ ಹಿಂದೆ ಆದ ಶಿಕ್ಷೆಗಳ ದಾಖಲೆಯನ್ನು, ಯಾರೂ ಅರ್ಜಿ ಹಾಕದೆಯೇ ಅಳಿಸತಕ್ಕದ್ದೆಂದು ಅದೇ ಸಂಸ್ಥಾನದ ಕಾಯಿದೆಯು ಹೇಳಿತು. ಅಂಗಡಿಗಳ ಸಡಗರದ ಮುಂದೆ ಈ ಅಳಿಸುವ ಕೆಲಸವು ಯಾರ ಕಣ್ಣಿಗೂ ಬೀಳದಿರಬಹುದು. ಆದರೆ ಋಣದ ದೊಡ್ಡ ಭಾಗ ತೀರುವುದು ಅದರಿಂದಲೇ.

ಕಾಯಿದೆಗಳು ಮನುಷ್ಯರು ಮಾಡಿದವು. ಕಾಲಕ್ಕೆ ತಕ್ಕಂತೆ ಬದಲಾಗುವುದರಲ್ಲಿ ಅವಮಾನವಿಲ್ಲ. ಬದಲಾದ ಮೇಲೆ, ತಾನು ಹಿಂದಿನಿಂದಲೂ ಹೀಗೆಯೇ ಎಣಿಸುತ್ತಿದ್ದೆನೆಂಬಂತೆ ನಟಿಸುವುದು ಮಾತ್ರ ಸಮಾಜಕ್ಕೆ ಅವಮಾನ. ಸನ್ನದನ್ನು ಗಿರಾಕಿಗಳಿಗೆ ಕಾಣುವಂತೆ ಅಂಗಡಿಯ ಗೋಡೆಗೆ ತೂಗುಹಾಕುವುದು ವ್ಯಾಪಾರದ ಪದ್ಧತಿ. ನ್ಯೂಯಾರ್ಕಿನ ಆ ಅಂಗಡಿಗಾರನ ಪೆಟ್ಟಿಗೆಯ ಅಡಿಯಲ್ಲಿ, ಮಕ್ಕಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟ ಹಳೆಯ ತೀರ್ಪಿನ ಕಾಗದವೂ ಒಂದಿರುತ್ತದೆ. ಗೋಡೆಯ ಮೇಲಿನದನ್ನು ಓದುವವರು ಪೆಟ್ಟಿಗೆಯಲ್ಲಿರುವುದನ್ನೂ ನೆನೆಯಬೇಕು. ಎರಡರ ಮೇಲೆಯೂ ಇರುವುದು ಒಂದೇ ಸರಕಾರದ ಮುದ್ರೆ.