ಕೆಂಪು ನದಿಯ ಚಿತ್ರ

ನದಿಯ ಚಿತ್ರವೆಂದರೆ ನೀರಿಗೆ ನೀಲಿಯನ್ನೇ ಬಳಿಯಬೇಕೆಂದು ನಮ್ಮ ತಲೆಮಾರಿನ ಉಪಾಧ್ಯಾಯರು ನಂಬಿದ್ದೆವು. ಆ ನಂಬಿಕೆಯು ನಮ್ಮಿಂದ ಒಂದು ತಪ್ಪನ್ನು ಮಾಡಿಸಿತು.

2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋವಾದ ಗಣಿಗಾರಿಕೆಯನ್ನು ನಿಲ್ಲಿಸುವುದಕ್ಕೆ ಕೆಲವು ವರ್ಷ ಹಿಂದಿನ ಮಾತು. ಮಕ್ಕಳ ಚಿತ್ರಸ್ಪರ್ಧೆಯೊಂದಕ್ಕೆ ನಾವು ತೀರ್ಪುಗಾರರಾಗಿದ್ದೆವು. ವಿಷಯ, ಪಣಜಿಯಲ್ಲಿ ಮಾಂಡವಿಯ ಸಂಜೆ. ಅದಿರಿನ ಲಾರಿ ಓಡಿಸುತ್ತಿದ್ದ ಬಾಗಲಕೋಟೆ ಕಡೆಯವರೊಬ್ಬರ ಮಗನು ನದಿಯನ್ನು ಇಟ್ಟಿಗೆಯ ಕೆಂಪಿನಲ್ಲಿ ಬರೆದಿದ್ದನು. ಅದಿರು ಹೊತ್ತ ಬಾರ್ಜು, ಅದರ ಅಂಚಿಗೆ ಬಂಗಾರದ ಬೆಳಕಿನ ಗೆರೆ, ದಡದಲ್ಲಿ ಆಗತಾನೆ ಹೊತ್ತಿದ ನಗರದ ದೀಪಗಳು. “ನೀರು ಹೀಗಿರುತ್ತದೆಯೇನಯ್ಯಾ?” ಎಂದು ಕೇಳಿದೆವು. “ನಾ ನೋಡಿದಾಗ ಹಿಂಗ ಇತ್ರೀ ಸರ್” ಎಂದನು. ಬಹುಮಾನವನ್ನು ನೀಲಿ ನದಿಯೊಂದಕ್ಕೆ ಕೊಟ್ಟೆವು.

ದೂಧಸಾಗರದಲ್ಲಿ ಹಾಲಿನಂತೆ ಬೀಳುವ ನೀರು ನಮ್ಮ ಮೊಲೆಂ ಸೀಮೆಯಿಂದಿಳಿದು ಖಾಂಡೇಪಾರ ನದಿಯಾಗಿ ಮಾಂಡವಿಯನ್ನು ಸೇರುವುದನ್ನು ವಾಚಕರು ಬಲ್ಲರು. ಮಳೆಗಾಲದಲ್ಲಿ ಘಟ್ಟದ ಕೆಮ್ಮಣ್ಣಿಗೆ ಗಣಿಯ ಹೂಳೂ ಕೂಡಿದರೆ ಪಣಜಿಯ ನೀರಿನಲ್ಲಿ ಹಾಲೂ ಇಲ್ಲ, ನೀಲಿಯೂ ಇಲ್ಲ. ಹುಡುಗನ ಬಣ್ಣದಲ್ಲಿ ಸುಳ್ಳಿರಲಿಲ್ಲ.

ಸುಳ್ಳಲ್ಲ, ನಿಜ, ಆದರೆ ನೀರಿನ ಕೇಡನ್ನು ಅಷ್ಟು ಚೆಲುವಾಗಿ ಬರೆಯುವುದು ಸರಿಯೇ? ಫ್ರಾನ್ಸಿನ ಕ್ಲೋದ್ ಮೊನೆ 1899ರಿಂದ 1901ರವರೆಗೆ ಮೂರು ಬಾರಿ ಲಂಡನ್ನಿಗೆ ಹೋಗಿ ಥೇಮ್ಸ್ ನದಿಯನ್ನು ಹತ್ತಿರಹತ್ತಿರ ನೂರು ಪಟಗಳಲ್ಲಿ ಬರೆದನು. ಅದೇ ಸೇತುವೆ, ಅದೇ ಸಂಸತ್ ಭವನ. ಒಂದರಲ್ಲಿ ನೇರಳೆಯ ವಿಷಾದ, ಇನ್ನೊಂದರಲ್ಲಿ ಕಿತ್ತಳೆಯ ಉರಿ. ಆ ಬಣ್ಣಗಳನ್ನು ಕೊಟ್ಟದ್ದು ಮಂಜಿನೊಡನೆ ಬೆರೆತ ಕಲ್ಲಿದ್ದಲ ಹೊಗೆ. 1952ರ ಡಿಸೆಂಬರಿನಲ್ಲಿ ಅಂಥದೇ ಹೊಗೆಮಂಜು ಆ ನಗರದಲ್ಲಿ ಸಾವಿರಾರು ಜೀವಗಳನ್ನು ನುಂಗಿತು.

ಹಾಗಾದರೆ ಮೊನೆಯು ಕೇಡನ್ನು ಮರೆಸಿದನೇ? ನಮಗೆ ಹಾಗೆ ತೋರುವುದಿಲ್ಲ. ಹೊಗೆಯನ್ನು ಬಿಟ್ಟು ಬರೆದಿದ್ದರೆ ಮರೆಸಿದಂತಾಗುತ್ತಿತ್ತು. ಮಾಂಡವಿಯ ಕೆಂಪನ್ನು ಅಳಿಸಿದವರು, ನೀಲಿಗೆ ಬಹುಮಾನ ಕೊಟ್ಟ ನಾವೇ. ಆ ಹುಡುಗನಿಗೆ ಕೆಂಪೆಂದರೆ ಸಂಜೆ ಮನೆಗೆ ಬರುವ ಅಪ್ಪನ ಅಂಗಿಯ ಬಣ್ಣ; ಮನೆಯ ಅನ್ನವೂ ಅದರಿಂದಲೇ. ಅದನ್ನು ಪ್ರೀತಿಯಿಲ್ಲದೆ ಬರೆ ಎನ್ನಲು ನಮಗೆ ಬಾಯಿ ಬಾರದು. ಆದರೆ ಗದ್ದೆಗೆ ಗಣಿಯ ಹೂಳು ನುಗ್ಗಿದ ರೈತನೊಬ್ಬನು ಅದೇ ಪಟದ ಮುಂದೆ ನಿಂತಿದ್ದರೆ ಏನೆಂದಾನು? ಇಷ್ಟು ವರ್ಷಗಳಾದರೂ ಈ ಪ್ರಶ್ನೆಯನ್ನು ಬಿಡಿಸಲು ನಮ್ಮಿಂದಾಗಿಲ್ಲ.

ಗಣಿ ನಿಂತ ಮೇಲೆ ಆ ಕುಟುಂಬವು ಊರಿಗೆ ಮರಳಿತೆಂದು ಕೇಳಿದೆವು. ಅಂದು ಹುಡುಗನು ಪಟವನ್ನು ಸುರುಳಿ ಸುತ್ತಿ, ಬಣ್ಣ ಇನ್ನೂ ಹಸಿಯಿದೆಯೆಂದು ಮತ್ತೆ ಬಿಚ್ಚಿ, ಎರಡೂ ಕೈಗಳಲ್ಲಿ ಅಗಲಿಸಿ ಹಿಡಿದುಕೊಂಡು ನಡೆದುಹೋದನು.